ಹುಟ್ಟಿದ ತಾರೀಖು ಒಂದು ದಿನ ಹಿಂದೆ ಹೋಗಿದ್ದು ಯಾಕೆ?

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ: "ಡೇಟಾಬೇಸ್‌ನಲ್ಲಿ ಸಮಯವನ್ನೆಲ್ಲ ಯುಟಿಸಿಯಲ್ಲೇ ಇಡಿ, ತೋರಿಸುವಾಗ ಮಾತ್ರ ಬಳಕೆದಾರರ ಸಮಯಕ್ಕೆ ಬದಲಿಸಿ." (ಯುಟಿಸಿ ಎಂದರೆ ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡಿರುವ ಮೂಲ ಸಮಯ.) ಬೇರೇನೋ ಪ್ರಶ್ನೆಗೆ ಉತ್ತರ ಕೊಡುವಾಗ ಸುಮ್ನೆ ಸೇರಿಸಿದ ಸಾಲು ಅದು. ಅದೊಂದಕ್ಕೇ ಇಷ್ಟು ಪತ್ರ ಬಂದಿವೆ, ಈ ಸಲ ಬೇರೆ ವಿಷಯಕ್ಕೆ ಜಾಗವೇ ಇಲ್ಲ. ಒಬ್ಬರಂತೂ "ನಿಮ್ಮ ಸಲಹೆ ತಪ್ಪು" ಎಂದು ನೇರವಾಗಿ ಬರೆದಿದ್ದಾರೆ. ಅವರ ಪತ್ರ ಮೂರನೆಯದು. ಮೊದಲೇ ಹೇಳಿಬಿಡುತ್ತೇನೆ, ಅವರು ಹೇಳುವುದು ಸರಿ.

ಪ್ರಶ್ನೆ: ಮೇಡಂ, ನಮ್ಮ ನೋಂದಣಿ ಫಾರ್ಮ್‌ನಲ್ಲಿ ಹುಟ್ಟಿದ ತಾರೀಖು ಕೇಳುತ್ತೇವೆ. ಬಳಕೆದಾರರು 1998ರ ಮಾರ್ಚ್ 15 ಆರಿಸಿದರೆ ಡೇಟಾಬೇಸ್‌ನಲ್ಲಿ ಮಾರ್ಚ್ 14 ಬಂದು ಕೂರುತ್ತದೆ. ಎಲ್ಲರದ್ದೂ ಹೀಗೇ, ಒಂದು ದಿನ ಹಿಂದೆ. ಸದ್ಯಕ್ಕೆ ಸೇವ್ ಮಾಡುವ ಮೊದಲು ಒಂದು ದಿನ ಕೂಡಿಸುತ್ತಿದ್ದೇನೆ. ಈಗ ಸರಿಯಾಗಿ ಬರುತ್ತಿದೆ. ಆದರೂ ಮನಸ್ಸಿಗೆ ಸಮಾಧಾನ ಇಲ್ಲ.
(ಕೆಲಸಕ್ಕೆ ಸೇರಿ ಆರು ತಿಂಗಳಾದ ವೆಬ್ ಡೆವಲಪರ್)

ಉತ್ತರ: ಸಮಾಧಾನ ಆಗದೇ ಇರುವುದು ಒಳ್ಳೆಯದೇ. ಆ ಒಂದು ದಿನ ಕೂಡಿಸುವ ಸಾಲನ್ನು ತೆಗೆದುಹಾಕಬೇಕು. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪುಟದಲ್ಲಿರುವ ಕ್ಯಾಲೆಂಡರ್ ನಿಮಗೆ ಕೊಡುತ್ತಿರುವುದು ತಾರೀಖನ್ನಲ್ಲ, ಜಾವಾಸ್ಕ್ರಿಪ್ಟ್‌ನ ಡೇಟ್ ಆಬ್ಜೆಕ್ಟನ್ನು. ಹೆಸರು ಡೇಟ್ ಅಂತಿದ್ದರೂ ಅದರ ಹೊಟ್ಟೆಯೊಳಗೆ ದಿನವೂ ಇಲ್ಲ, ತಿಂಗಳೂ ಇಲ್ಲ. ಇರುವುದು ಒಂದೇ ಸಂಖ್ಯೆ: 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಎಂಬ ಲೆಕ್ಕ. ಬಳಕೆದಾರರು ಮಾರ್ಚ್ 15 ಒತ್ತಿದಾಗ ಕ್ಯಾಲೆಂಡರ್ ಅದನ್ನು "ಈ ಕಂಪ್ಯೂಟರ್ ಇರುವ ಕಡೆಯ ಮಾರ್ಚ್ 15, ನಡುರಾತ್ರಿ 12 ಗಂಟೆ" ಎಂದು ಹಿಡಿದುಕೊಳ್ಳುತ್ತದೆ. ಸರ್ವರ್‌ಗೆ ಕಳಿಸಲು ಜೇಸನ್ (ಡೇಟಾ ಕಳಿಸುವ ಅಕ್ಷರ ರೂಪ) ಮಾಡಿದಾಗ ಆ ಕ್ಷಣ ಯುಟಿಸಿಗೆ ತಿರುಗುತ್ತದೆ. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಬ್ರೌಸರಿನಿಂದ ಹೊರಡುವುದು 1998-03-14, 18:30. ಡೇಟಾಬೇಸ್‌ನ ಕಾಲಂ ಬರೀ ಡೇಟ್ ಟೈಪಿನದು. ಅದು ಗಂಟೆ, ನಿಮಿಷ ಕತ್ತರಿಸಿ ಎಸೆದು 14 ಉಳಿಸಿಕೊಂಡಿತು. ದಾರಿಯಲ್ಲಿ ಯಾರೂ ತಪ್ಪು ಮಾಡಿಲ್ಲ ನೋಡಿ. ಎಲ್ಲರೂ ತಮಗೆ ಹೇಳಿದ ಕೆಲಸವನ್ನು ಸರಿಯಾಗೇ ಮಾಡಿದ್ದಾರೆ. ಇಂಥ ಬಗ್ ಹುಡುಕುವುದು ಕಷ್ಟವಾಗುವುದೇ ಇದಕ್ಕೆ.

ಈಗ ನಿಮ್ಮ ಮದ್ದನ್ನು ನೋಡೋಣ. ಇದೇ ಫಾರ್ಮನ್ನು ನ್ಯೂಯಾರ್ಕ್‌ನಲ್ಲಿ ಕೂತು ಯಾರೋ ತುಂಬುತ್ತಾರೆ ಎಂದುಕೊಳ್ಳಿ. ಅಲ್ಲಿ ಮಾರ್ಚ್ 15ರ ನಡುರಾತ್ರಿ ಆದಾಗ ಯುಟಿಸಿಯಲ್ಲಿ ಅದೇ 15ರ ಬೆಳಗಿನ 5 ಗಂಟೆ. ತಾರೀಖು ಬದಲಾಗಲಿಲ್ಲ. ನೀವು ಒಂದು ದಿನ ಕೂಡಿಸಿ ಅವರನ್ನು 16ಕ್ಕೆ ಹುಟ್ಟಿಸುತ್ತೀರಿ.

"ಹಾಗಾದರೆ ದಿನದ ಬದಲು ಐದೂವರೆ ಗಂಟೆ ಕೂಡಿಸುತ್ತೇನೆ, ನಮ್ಮ ಬಳಕೆದಾರರೆಲ್ಲ ಭಾರತದವರೇ" ಅಂತ ನೀವು ಹೇಳಬಹುದು. ನಾನೂ ಹೇಳಿದ್ದೆ, ಬಹಳ ಹಿಂದೆ. ಎಲ್ಲರದ್ದೂ ಸರಿಹೋಯಿತು, ಕೆಲವು ಹಿರಿಯರದ್ದು ಬಿಟ್ಟು. 1943ರ ಮೇ 10ರಂದು ಹುಟ್ಟಿದವರು ಮೇ 9 ಎಂದೇ ಕಾಣುತ್ತಿದ್ದರು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಆಗ ಅಂತರ ಆರೂವರೆ ಗಂಟೆ. ಬ್ರೌಸರಿಗೆ ಆ ಇತಿಹಾಸ ಗೊತ್ತು, ಅದು ಆರೂವರೆ ಕಳೆಯಿತು. ನನ್ನ ಕೋಡಿಗೆ ಗೊತ್ತಿಲ್ಲ, ಅದು ಐದೂವರೆ ಕೂಡಿಸಿತು. ರಾತ್ರಿ 11 ಗಂಟೆ ಬಂತು, ಹಿಂದಿನ ದಿನದ್ದು.

ಅವತ್ತಿನಿಂದ ಕಾಲಂ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಕ್ಷಣವೋ, ಕ್ಯಾಲೆಂಡರಿನ ದಿನವೋ, ಗೋಡೆ ಗಡಿಯಾರದ ಹೊತ್ತೋ? ಹಣ ಜಮಾ ಆಗಿದ್ದು, ಲಾಗಿನ್ ಆಗಿದ್ದು ಕ್ಷಣ. ಇಡೀ ಭೂಮಿಗೆ ಅದು ಒಂದೇ ಸಲ ಆಗುತ್ತದೆ. ಹುಟ್ಟಿದ ತಾರೀಖು ಕ್ಷಣವಲ್ಲ, ಅದು ಕ್ಯಾಲೆಂಡರಿನ ಒಂದು ಚೌಕ. ಅದಕ್ಕೆ ಟೈಮ್ ಝೋನ್ ಇಲ್ಲ. ನೀವು ವಿಮಾನ ಹತ್ತಿ ಬೇರೆ ದೇಶಕ್ಕೆ ಹೋದರೆ ನಿಮ್ಮ ಹುಟ್ಟಿದ ತಾರೀಖು ಬದಲಾಗುವುದಿಲ್ಲ, ಅಲ್ವಾ? ಝೋನ್ ಇಲ್ಲದ ವಸ್ತುವಿಗೆ ಝೋನ್ ಅಂಟಿಸಿದ್ದೇ ನಿಮ್ಮ ಬಗ್.

ಹಾಗಾಗಿ ಬ್ರೌಸರಿನಿಂದಲೇ ಅದನ್ನು ಅಕ್ಷರವಾಗಿ ಕಳಿಸಿ: "1998-03-15", ಅಷ್ಟೇ. ಸರ್ವರ್‌ನಲ್ಲಿ ಜಾವಾ ಇದ್ದರೆ ಲೋಕಲ್‌ಡೇಟ್, ಪೈಥಾನ್ ಇದ್ದರೆ ಡೇಟ್, ಡಾಟ್‌ನೆಟ್ 6 ಅಥವಾ ಅದಕ್ಕಿಂತ ಹೊಸದಿದ್ದರೆ ಡೇಟ್‌ಓನ್ಲಿ. ಡೇಟಾಬೇಸ್‌ನಲ್ಲಿ ಡೇಟ್ ಕಾಲಂ. ಒರಾಕಲ್ ಬಳಸುವವರು ಮಾತ್ರ ಎಚ್ಚರ, ಅಲ್ಲಿನ ಡೇಟ್ ಎನ್ನುವುದರಲ್ಲಿ ಗಂಟೆ, ನಿಮಿಷ, ಸೆಕೆಂಡ್ ಕೂಡ ಇರುತ್ತವೆ.

ವಾಪಸ್ ಬರುವಾಗಲೂ ಒಂದು ಗುಂಡಿ ಇದೆ. "1998-03-15" ಎಂಬ ಅಕ್ಷರವನ್ನು ಹಾಗೇ ಜಾವಾಸ್ಕ್ರಿಪ್ಟ್ ಡೇಟ್‌ಗೆ ಕೊಟ್ಟರೆ ಅದನ್ನು ಯುಟಿಸಿ ನಡುರಾತ್ರಿ ಎಂದು ಓದುತ್ತದೆ. ಅದೇ "1998-03-15T00:00" ತರಹ ಗಂಟೆ ಸೇರಿಸಿ ಕೊಟ್ಟರೆ ಸ್ಥಳೀಯ ಸಮಯ ಎಂದು ಓದುತ್ತದೆ. ಒಂದೇ ಭಾಷೆ, ಎರಡು ನಿಯಮ. ಯುಟಿಸಿಗಿಂತ ಮುಂದಿರುವ ಕಡೆ ಕೂತವರಿಗೆ ಮೊದಲನೆಯದರ ತೊಂದರೆ ಕಾಣುವುದೇ ಇಲ್ಲ, ಬೆಳಗಿನ ಐದೂವರೆ ಆದರೂ ತಾರೀಖು ಅದೇ ತಾನೇ. ಅಮೆರಿಕದಲ್ಲಿ ತೆರೆದವರಿಗೆ 14 ಕಾಣುತ್ತದೆ. ತೋರಿಸುವಾಗಲೂ ಆ ಅಕ್ಷರವನ್ನು ಅಡ್ಡಗೆರೆಯಲ್ಲಿ ಮುರಿದು ಬಳಸಿ, ಡೇಟ್ ಆಬ್ಜೆಕ್ಟಿನ ತಂಟೆಗೇ ಹೋಗಬೇಡಿ.

ಇನ್ನು ಹಳೆಯ ಡೇಟಾ. ಒಂದು ದಿನ ಕೂಡಿಸುವ ಸಾಲು ಯಾವತ್ತು ಲೈವ್ ಆಯಿತು ಎಂದು ನಿಮ್ಮ ಗಿಟ್ ಮತ್ತು ಡಿಪ್ಲಾಯ್ ದಾಖಲೆಯಲ್ಲಿ ಹುಡುಕಿ. ಅದಕ್ಕಿಂತ ಮೊದಲು ಸೇರಿದ ರೋಗಳಲ್ಲಿ (ಟೇಬಲ್ಲಿನ ಅಡ್ಡಸಾಲುಗಳಲ್ಲಿ) ಮಾತ್ರ ಒಂದು ದಿನ ಕಮ್ಮಿ ಇರುತ್ತದೆ. ಬೇರೆ ದೇಶದ ಬಳಕೆದಾರರಿದ್ದರೆ ಅವರನ್ನು ಬೇರೆಯಾಗಿ ನೋಡಿ. ಸರಿಪಡಿಸುವ ಮೊದಲು ಹಳೆಯ ತಾರೀಖನ್ನು ಇನ್ನೊಂದು ಕಾಲಂಗೆ ನಕಲು ಮಾಡಿ ಇಟ್ಟುಕೊಳ್ಳಿ. ನಾನು ಒಮ್ಮೆ ಇಂಥ ಅಪ್‌ಡೇಟ್ ಕ್ವೆರಿಯನ್ನು ಓಡಿಸಿ, ಕನೆಕ್ಷನ್ ಕಟ್ಟಾಯಿತು ಎಂದುಕೊಂಡು ಇನ್ನೊಮ್ಮೆ ಓಡಿಸಿದ್ದೆ. ಮೊದಲನೆಯದೂ ಓಡಿತ್ತು. ಆ ಸಂಜೆ ಮರೆತಿಲ್ಲ.

ಪ್ರಶ್ನೆ: ಜನವರಿ ತಿಂಗಳ ವರದಿಗೆ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) "ಇದರಿಂದ ಅದರವರೆಗೆ" ಎನ್ನುವ ಬಿಟ್ವೀನ್ ಹಾಕಿ 2025-01-01 ಮತ್ತು 2025-01-31 ಕೊಟ್ಟೆ. 31ನೇ ತಾರೀಖಿನ ವ್ಯವಹಾರ ಒಂದೂ ಬರಲಿಲ್ಲ. ಆಮೇಲೆ 31ರ ಮುಂದೆ 23:59:59 ಸೇರಿಸಿದೆ. ಬಂತು, ಆದರೆ ಕೆಲವೊಮ್ಮೆ ಒಂದೆರಡು ರೋ ಕಾಣೆ. ಸಹೋದ್ಯೋಗಿ 23:59:59.999 ಹಾಕು ಅಂದರು. ಹಾಕಿದರೆ ಫೆಬ್ರವರಿ 1ರ ರೋ ಬರುತ್ತಿದೆ! ನಮ್ಮದು ಎಸ್‌ಕ್ಯುಎಲ್ ಸರ್ವರ್.

ಉತ್ತರ: ಈ ಮೂರು ಮೆಟ್ಟಿಲನ್ನೂ ನಾನು ಇದೇ ಕ್ರಮದಲ್ಲಿ ಇಳಿದಿದ್ದೇನೆ.

ಬರೀ 2025-01-31 ಎಂದರೆ ಆ ದಿನ ಶುರುವಾಗುವ ಕ್ಷಣ, ಸೊನ್ನೆ ಗಂಟೆ ಸೊನ್ನೆ ನಿಮಿಷ. ಬಿಟ್ವೀನ್ ಅಲ್ಲಿಗೇ ನಿಂತಿತು. ಸರಿಯಾಗಿ ನಡುರಾತ್ರಿ ಆದ ವ್ಯವಹಾರ ಇದ್ದರೆ ಮಾತ್ರ ಬರುತ್ತಿತ್ತು. 23:59:59 ಹಾಕಿದಾಗ ಆ ಕೊನೆಯ ಸೆಕೆಂಡಿನ ಒಳಗಿನದು ಬಿಟ್ಟುಹೋಯಿತು. 23:59:59.4ಕ್ಕೆ ಒಂದು ವ್ಯವಹಾರ ಆಗಿದ್ದರೆ ಅದು ನಿಮ್ಮ ಗಡಿಯಿಂದ ಆಚೆ.

ಮೂರನೆಯದು ಮಜಾ ಇದೆ. ಎಸ್‌ಕ್ಯುಎಲ್ ಸರ್ವರಿನ ಹಳೆಯ ಡೇಟ್‌ಟೈಮ್ ಟೈಪ್ ಮಿಲಿಸೆಕೆಂಡನ್ನು ಒಂದೊಂದಾಗಿ ಎಣಿಸುವುದಿಲ್ಲ. ಒಂದು ಸೆಕೆಂಡನ್ನು 300 ಭಾಗ ಮಾಡಿ ಎಣಿಸುತ್ತದೆ. ಹಾಗಾಗಿ ಕೊನೆಯ ಅಂಕಿ ಯಾವಾಗಲೂ 0, 3 ಅಥವಾ 7. ನೀವು .999 ಕೊಟ್ಟರೆ ಹತ್ತಿರದ ಅಂಕಿಗೆ ಹೋಗುತ್ತದೆ. ಹತ್ತಿರದ್ದು .997 ಅಲ್ಲ, ಮುಂದಿನ .000. ಅಂದರೆ ಫೆಬ್ರವರಿ 1ರ ನಡುರಾತ್ರಿ. ಮೈಎಸ್‌ಕ್ಯುಎಲ್‌ನಲ್ಲೂ ಇದರ ತಮ್ಮ ಇದ್ದಾನೆ: ಭಿನ್ನಾಂಕ ಇಡದ ಡೇಟ್‌ಟೈಮ್ ಕಾಲಂಗೆ 23:59:59.999 ಸೇರಿಸಿದರೆ ಅದು ಕತ್ತರಿಸುವುದಿಲ್ಲ, ರೌಂಡ್ ಮಾಡಿ ಮರುದಿನಕ್ಕೆ ತಳ್ಳುತ್ತದೆ.

ದಿನದ ಕೊನೆಯ ಕ್ಷಣ ಯಾವುದು ಎಂದು ಹುಡುಕುವುದೇ ಬೇಡ. ಮುಂದಿನದರ ಮೊದಲ ಕ್ಷಣ ಯಾವುದು ಎಂದು ಎಲ್ಲರಿಗೂ ಗೊತ್ತು. ಹೀಗೆ ಬರೆಯಿರಿ:

ಸಮಯ >= '2025-01-01' ಮತ್ತು ಸಮಯ < '2025-02-01'

ತಿಂಗಳಿಗೆ 28 ದಿನವೋ 31 ದಿನವೋ, ಮಿಲಿಸೆಕೆಂಡೋ ಮೈಕ್ರೋಸೆಕೆಂಡೋ, ಯಾವ ಚಿಂತೆಯೂ ಇಲ್ಲ. ಒಂದು ತಿಂಗಳ ಕೊನೆಗೂ ಇನ್ನೊಂದರ ಮೊದಲಿಗೂ ನಡುವೆ ಸಂದೂ ಇಲ್ಲ, ಎರಡು ಸಲ ಎಣಿಸುವ ಭಯವೂ ಇಲ್ಲ. ತಾರೀಖನ್ನು ಅಕ್ಷರ ಜೋಡಿಸಿ ಕ್ವೆರಿಯೊಳಗೆ ತುರುಕಬೇಡಿ, ಪ್ಯಾರಾಮೀಟರ್ ಆಗಿ ಕೊಡಿ. ಇಂಜೆಕ್ಷನ್ (ಹೊರಗಿನವರು ತುಂಬಿದ ಅಕ್ಷರವೇ ಕ್ವೆರಿಯ ಭಾಗವಾಗಿ ಓಡಿಬಿಡುವುದು) ಭಯ ಒಂದು ಕಡೆ ಇರಲಿ, 03/04 ಎಂದರೆ ಮಾರ್ಚ್ 4 ಅಥವಾ ಏಪ್ರಿಲ್ 3 ಎಂಬುದನ್ನು ಸರ್ವರಿನ ಭಾಷೆಯ ಸೆಟ್ಟಿಂಗ್ ನಿರ್ಧರಿಸುವುದು ಯಾರಿಗೆ ಬೇಕು?

ಕೆಲವರು ಕಾಲಂ ಮೇಲೇ ಫಂಕ್ಷನ್ ಹಾಕುತ್ತಾರೆ. ಸಮಯದಿಂದ ವರ್ಷ ತೆಗೆದು 2025ಕ್ಕೆ, ತಿಂಗಳು ತೆಗೆದು 1ಕ್ಕೆ ಹೋಲಿಸುವುದು. ಉತ್ತರ ಸರಿ ಬರುತ್ತದೆ, ಆದರೆ ಆ ಕಾಲಂ ಮೇಲಿನ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಕೆಲಸಕ್ಕೆ ಬರುವುದಿಲ್ಲ. ಇಡೀ ಟೇಬಲ್ಲಿನ ಒಂದೊಂದು ರೋ ತೆಗೆದು ಲೆಕ್ಕ ಹಾಕುತ್ತಾ ಕೂರುತ್ತದೆ. ಮೇಲಿನ ರೀತಿ ಬರೆದರೆ ಇಂಡೆಕ್ಸಿನಲ್ಲಿ ನೇರ ಹೋಗಿ ಬೇಕಾದಷ್ಟೇ ತುಂಡು ಓದುತ್ತದೆ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕಾಲಂನಲ್ಲಿರುವುದು ಯುಟಿಸಿ ಆಗಿದ್ದರೆ, ಭಾರತದ ಲೆಕ್ಕದ ಜನವರಿ ಶುರುವಾಗುವುದು 2024-12-31ರ 18:30ಕ್ಕೆ, ಮುಗಿಯುವುದು 2025-01-31ರ 18:30ಕ್ಕೆ. ಗಡಿಗಳನ್ನು ಕೋಡ್‌ನಲ್ಲಿ ಸ್ಥಳೀಯ ಸಮಯದಲ್ಲಿ ಮಾಡಿ, ಯುಟಿಸಿಗೆ ತಿರುಗಿಸಿ, ಆಮೇಲೆ ಕ್ವೆರಿಗೆ ಕೊಡಿ. ದಿನದ ಪ್ರಕಾರ ಗ್ರೂಪ್ ಬೈ ಮಾಡುವವರಿಗೂ ಇದೇ ಮಾತು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಎರಡು ವರ್ಷಗಳ ಕಾಲ, ಬೆಳಗಿನ ಜಾವ ಐದೂವರೆಯೊಳಗೆ ಆದದ್ದೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಿತ್ತು. ಕಂಡುಹಿಡಿದದ್ದು ನಮ್ಮ ತಂಡವಲ್ಲ. ಲೆಕ್ಕಪತ್ರ ವಿಭಾಗದವರೊಬ್ಬರು ಕೈಯಲ್ಲಿ ತಾಳೆ ಹಾಕಿ, ಕಾಗದ ಹಿಡಿದುಕೊಂಡು ನಮ್ಮ ಮೇಜಿನ ಹತ್ತಿರ ಬಂದಿದ್ದರು.

ಪ್ರಶ್ನೆ: "ಎಲ್ಲವನ್ನೂ ಯುಟಿಸಿಯಲ್ಲಿ ಇಡಿ" ಎಂದು ಬರೆದಿದ್ದೀರಿ. ನಮ್ಮದು ಸಭೆ ಗೊತ್ತುಮಾಡುವ ಸಾಫ್ಟ್‌ವೇರ್. ಅದನ್ನೇ ಮಾಡಿದ್ದೆವು. 2022ರಲ್ಲಿ ಮೆಕ್ಸಿಕೋ ಬೇಸಿಗೆ ಸಮಯ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು) ನಿಲ್ಲಿಸಿತು. ಅಲ್ಲಿನವರು ಮೊದಲೇ ನಿಗದಿ ಮಾಡಿಟ್ಟಿದ್ದ ಮುಂದಿನ ಬೇಸಿಗೆಯ 10 ಗಂಟೆ ಸಭೆಗಳೆಲ್ಲ 9 ಗಂಟೆ ಎಂದು ತೋರಿಸಿದವು. ನಿಮ್ಮ ಸಲಹೆ ತಪ್ಪು ಎಂದು ನನ್ನ ಅನಿಸಿಕೆ.

ಉತ್ತರ: ತಪ್ಪು ಅನ್ನುವುದಕ್ಕಿಂತ ಅರ್ಧ ಸಲಹೆ. ಆದರೆ ಅರ್ಧ ಸಲಹೆಯನ್ನು ಪೂರ್ತಿ ಎಂಬಂತೆ ಬರೆದದ್ದು ನನ್ನದೇ ತಪ್ಪು. ಆಗಿಹೋದದ್ದಕ್ಕೆ ಯುಟಿಸಿ. ಮುಂದೆ ಆಗಬೇಕಾದದ್ದಕ್ಕೆ, ಅದರಲ್ಲೂ ಮನುಷ್ಯರು ಗಡಿಯಾರ ನೋಡಿ ಸೇರುವುದಕ್ಕೆ, ಯುಟಿಸಿ ಒಂದೇ ಸಾಲದು.

ನಿಮ್ಮ ಬಳಕೆದಾರರು ಒಪ್ಪಿಕೊಂಡದ್ದು "ನಮ್ಮ ಗೋಡೆ ಗಡಿಯಾರದಲ್ಲಿ 10 ಗಂಟೆ" ಎಂದು. ನೀವು ಅದನ್ನು ಆವತ್ತಿನ ನಿಯಮದ ಪ್ರಕಾರ 15:00 ಯುಟಿಸಿ ಎಂದು ಅನುವಾದಿಸಿ, ಮೂಲವನ್ನು ಎಸೆದಿರಿ. ನಿಯಮ ಬದಲಾಯಿತು, ಐದು ಗಂಟೆಯ ಅಂತರ ಆರಾಯಿತು, ಅನುವಾದ ಹಳಸಿತು. ಮೂಲ ಇದ್ದಿದ್ದರೆ ಮತ್ತೆ ಲೆಕ್ಕ ಹಾಕಬಹುದಿತ್ತು.

ದೇಶಗಳು ಇದನ್ನು ಯಾವಾಗ ಬೇಕಾದರೂ ಮಾಡುತ್ತವೆ. 2011ರಲ್ಲಿ ಸಮೋವಾ ದೇಶ ದಿನಾಂಕ ರೇಖೆಯ ಈಚೆಗೆ ಜಿಗಿಯಲು ಡಿಸೆಂಬರ್ 30 ಎಂಬ ದಿನವನ್ನೇ ಬಿಟ್ಟುಬಿಟ್ಟಿತು. 29 ಆದ ಮೇಲೆ 31. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಗಡಿಯಾರ ಮುಂದಿಡುವುದನ್ನು ಕೊನೇ ಗಳಿಗೆಯಲ್ಲಿ ಮುಂದೂಡಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಕೆಲವು ದಿನ ಎರಡು ಸಮಯ ನಡೆಯಿತು, ಆಮೇಲೆ ನಿರ್ಧಾರ ವಾಪಸ್ಸಾಯಿತು. ಆ ವಾರ ಅಲ್ಲಿನ ಪ್ರೋಗ್ರಾಮರುಗಳ ಪಾಡು ಏನಾಗಿರಬೇಡ!

ಹಾಗಾಗಿ ಮುಂದಿನ ಸಭೆಗೆ ಎರಡು ಕಾಲಂ ಇಡಿ. ಒಂದರಲ್ಲಿ ಝೋನ್ ಇಲ್ಲದ ಸ್ಥಳೀಯ ತಾರೀಖು ಮತ್ತು ಸಮಯ. ಇನ್ನೊಂದರಲ್ಲಿ ಝೋನಿನ ಪೂರ್ತಿ ಹೆಸರು, "ಅಮೆರಿಕ/ಮೆಕ್ಸಿಕೋ ಸಿಟಿ", "ಏಷ್ಯಾ/ಕೋಲ್ಕತ್ತ" ಎಂಬಂತೆ ಐಯಾನಾ ಸಂಸ್ಥೆಯ ಝೋನ್ ಪಟ್ಟಿಯಲ್ಲಿ ಇರುವ ಹೆಸರು. ಹುಡುಕಲು, ಜ್ಞಾಪನೆ ಕಳಿಸಲು ಅನುಕೂಲ ಆಗಲಿ ಎಂದು ಮೂರನೇ ಕಾಲಂನಲ್ಲಿ ಯುಟಿಸಿ ಇಟ್ಟುಕೊಳ್ಳಿ. ಆದರೆ ಅದು ನಕಲು ಎಂದು ನೆನಪಿರಲಿ. ಝೋನ್ ಪಟ್ಟಿಯ ಹೊಸ ಆವೃತ್ತಿ ಬಂದಾಗ ಮುಂದಿನ ಸಭೆಗಳ ನಕಲನ್ನು ಮತ್ತೆ ಲೆಕ್ಕ ಹಾಕಿ. ಆ ಪಟ್ಟಿಯ ಪ್ರತಿ ಒಂದೇ ಕಡೆ ಇರುವುದಿಲ್ಲ. ಆಪರೇಟಿಂಗ್ ಸಿಸ್ಟಂನಲ್ಲಿ ಒಂದು, ಜಾವಾದೊಳಗೆ ಒಂದು, ಕೆಲವು ಡೇಟಾಬೇಸ್‌ಗಳೊಳಗೆ ಇನ್ನೊಂದು. ಒಂದನ್ನು ಅಪ್‌ಡೇಟ್ ಮಾಡಿ ಇನ್ನೊಂದನ್ನು ಮರೆತರೆ ಒಂದೇ ಸಭೆಗೆ ಎರಡು ಉತ್ತರ.

ಬರೀ ಅಂತರ ಇಟ್ಟರೆ ಆಗುವುದಿಲ್ಲವೇ, ಅಂದರೆ -06:00 ಎಂದು? ಆಗುವುದಿಲ್ಲ. ಅಂತರ ಎನ್ನುವುದು ಒಂದು ಕ್ಷಣದ ಫೋಟೋ, ಝೋನ್ ಎನ್ನುವುದು ನಿಯಮಗಳ ಪುಸ್ತಕ. ಐಎಸ್‌ಟಿ ತರಹದ ಮೂರಕ್ಷರದ ಹೆಸರಂತೂ ಬೇಡವೇ ಬೇಡ. ಭಾರತ, ಐರ್ಲೆಂಡ್, ಇಸ್ರೇಲ್ ಮೂರೂ ಅದನ್ನು ಬಳಸುತ್ತವೆ. ಪೋಸ್ಟ್‌ಗ್ರೆಸ್‌ನ (ಇದೂ ಒಂದು ಡೇಟಾಬೇಸ್) ಮೂಲ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್ ಸಮಯ. ಗೊತ್ತಿಲ್ಲದೆ ಬಳಸಿದರೆ ಮೂರೂವರೆ ಗಂಟೆ ಗುಳುಂ.

ಪೋಸ್ಟ್‌ಗ್ರೆಸ್ ಎಂದಾಗ ನೆನಪಾಯಿತು. ಅದರಲ್ಲಿ "ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್" ಎಂಬ ಟೈಪ್ ಇದೆ. ಹೆಸರು ನೋಡಿ ಝೋನ್ ಅದರೊಳಗೆ ಉಳಿಯುತ್ತದೆ ಎಂದು ಬಹಳ ಜನ ನಂಬುತ್ತಾರೆ. ಉಳಿಯುವುದಿಲ್ಲ. ನೀವು ಕೊಟ್ಟದ್ದನ್ನು ಯುಟಿಸಿಗೆ ತಿರುಗಿಸಿ ಎಂಟು ಬೈಟಿನಲ್ಲಿ ಇಟ್ಟು, ಝೋನನ್ನು ಮರೆಯುತ್ತದೆ. ತೋರಿಸುವಾಗ ಕೇಳಿದವರ ಸೆಷನ್ನಿನ (ಆ ಹೊತ್ತಿನ ಸಂಪರ್ಕದ) ಝೋನಿನಲ್ಲಿ ತೋರಿಸುತ್ತದೆ. ಕ್ಷಣ ಇಡಲು ಅದು ಒಳ್ಳೆಯ ಟೈಪ್, ನಾನು ಬಳಸುವುದೇ ಅದನ್ನು. ಹೆಸರು ಇಟ್ಟವರ ಮೇಲೆ ಮಾತ್ರ ಸ್ವಲ್ಪ ಕೋಪ ಇದೆ.

ಇನ್ನೂ ಒಂದು. ಬೇಸಿಗೆ ಸಮಯ ಇರುವ ಕಡೆ ಕೆಲವು ಹೊತ್ತು ಇರುವುದೇ ಇಲ್ಲ, ಕೆಲವು ಎರಡು ಸಲ ಬರುತ್ತವೆ. ನ್ಯೂಯಾರ್ಕ್‌ನಲ್ಲಿ 2025ರ ಮಾರ್ಚ್ 9ರಂದು ರಾತ್ರಿ ಎರಡೂವರೆ ಎಂಬುದು ಇರಲಿಲ್ಲ. ನವೆಂಬರ್ 2ರಂದು ಒಂದೂವರೆ ಎರಡು ಸಲ ಬಂತು. ಇಂಥ ಹೊತ್ತಿಗೆ ಯಾರಾದರೂ ಬುಕ್ ಮಾಡಿದರೆ ಲೈಬ್ರರಿ ತನಗೆ ತೋಚಿದ್ದನ್ನು ಆರಿಸುತ್ತದೆ. ಏನು ಆರಿಸುತ್ತದೆ ಎಂದು ಒಂದು ಟೆಸ್ಟ್ ಬರೆದು ನೋಡಿಕೊಳ್ಳಿ.

ಪ್ರಶ್ನೆ: ಮೈಎಸ್‌ಕ್ಯುಎಲ್ ಅನ್ನು ಹೊಸ ಸರ್ವರ್‌ಗೆ ಸಾಗಿಸಿದೆವು. ಈಗ ಒಂದೇ ಟೇಬಲ್ಲಿನ ಒಂದು ಕಾಲಂ ಐದೂವರೆ ಗಂಟೆ ಹಿಂದೆ ಕಾಣುತ್ತಿದೆ, ಪಕ್ಕದ್ದು ಸರಿ ಇದೆ. ಡೇಟಾ ಹಾಳಾಯಿತೇ?

ಉತ್ತರ: ಹಿಂದೆ ಕಾಣುವ ಕಾಲಂ ಟೈಮ್‌ಸ್ಟ್ಯಾಂಪ್, ಪಕ್ಕದ್ದು ಡೇಟ್‌ಟೈಮ್. ಪಂಥ ಬೇಕಾದರೆ ಕಟ್ಟುತ್ತೇನೆ.

ಮೈಎಸ್‌ಕ್ಯುಎಲ್ ಟೈಮ್‌ಸ್ಟ್ಯಾಂಪನ್ನು ಒಳಗೆ ಹಾಕುವಾಗ ಸೆಷನ್ನಿನ ಝೋನಿನಿಂದ ಯುಟಿಸಿಗೆ ತಿರುಗಿಸುತ್ತದೆ, ತೆಗೆಯುವಾಗ ವಾಪಸ್ ತಿರುಗಿಸುತ್ತದೆ. ಡೇಟ್‌ಟೈಮನ್ನು ಮುಟ್ಟುವುದೇ ಇಲ್ಲ, ಕೊಟ್ಟದ್ದು ಕೊಟ್ಟ ಹಾಗೆ. ಹಳೆಯ ಸರ್ವರ್ ಭಾರತದ ಸಮಯದಲ್ಲಿತ್ತು, ಹೊಸದು ಯುಟಿಸಿಯಲ್ಲಿದೆ. ಹಾಗಾಗಿ ಹಾಳಾದಂತೆ ಕಾಣುವ ಕಾಲಂ ಚೆನ್ನಾಗಿದೆ, ತೋರಿಸುವ ಕನ್ನಡಕ ಮಾತ್ರ ಬದಲಾಗಿದೆ. ನೀವು "ಸರಿ ಇದೆ" ಎಂದ ಕಾಲಂ ಬಗ್ಗೆಯೇ ನನಗೆ ಭಯ. ಅದನ್ನು ಈಗಿನ ಸಮಯ ಕೊಡುವ ನೌ ಫಂಕ್ಷನ್ನಿನಿಂದ ತುಂಬುತ್ತಿದ್ದರೆ, ಸಾಗಿಸುವ ಮೊದಲಿನ ರೋಗಳಲ್ಲಿ ಭಾರತದ ಸಮಯ, ಆಮೇಲಿನದರಲ್ಲಿ ಯುಟಿಸಿ. ಎರಡನ್ನೂ ಬೇರ್ಪಡಿಸುವ ಗುರುತು ಆ ಕಾಲಂನಲ್ಲಿಲ್ಲ. ದಿನಗಳೆದಂತೆ ಇದು ಜಾಸ್ತಿ ಆಗುತ್ತದೆ. ಇವತ್ತೇ ಕನೆಕ್ಷನ್ನಿನಲ್ಲಿ ಸೆಷನ್ ಝೋನನ್ನು ನೀವೇ ಬರೆದು ಕೊಡಿ, ಸರ್ವರ್ ಏನಿಟ್ಟಿದೆಯೋ ಅದನ್ನು ನೆಚ್ಚಬೇಡಿ. ಆಮೇಲೆ ಪಕ್ಕದ ಟೈಮ್‌ಸ್ಟ್ಯಾಂಪ್ ಕಾಲಂ ನೋಡಿಕೊಂಡು ಯಾವ ರೋ ಯಾವ ಕಾಲದ್ದು ಎಂದು ಬೇರ್ಪಡಿಸಿ.

ಹಾಗೆಯೇ ಆ ಟೈಮ್‌ಸ್ಟ್ಯಾಂಪ್ ಕಾಲಂನಲ್ಲಿ ದೂರದ ತಾರೀಖು ಇಡುತ್ತಿದ್ದೀರಾ ನೋಡಿ. ಅದರ ಮೇಲಿನ ಮಿತಿ 2038ರ ಜನವರಿ 19, ಯುಟಿಸಿ 03:14:07. ಇಪ್ಪತ್ತು ವರ್ಷದ ಒಪ್ಪಂದ ಮುಗಿಯುವ ತಾರೀಖು ಇವತ್ತೇ ಅದಕ್ಕೆ ಹಿಡಿಸುವುದಿಲ್ಲ.

ಪ್ರಶ್ನೆ: ವರ್ಷವೆಲ್ಲ ಸರಿಯಾಗಿದ್ದ ನಮ್ಮ ರಸೀದಿಗಳಲ್ಲಿ 2024ರ ಡಿಸೆಂಬರ್ 30 ಮತ್ತು 31ಕ್ಕೆ ವರ್ಷ 2025 ಎಂದು ಮುದ್ರಣವಾಯಿತು. ಜನವರಿ 1ಕ್ಕೆ ತಾನಾಗೇ ಸರಿಹೋಯಿತು. ಭೂತ ಇದೆಯೇ?

ಉತ್ತರ: ಇದೆ, ಫಾರ್ಮ್ಯಾಟ್ ಅಕ್ಷರದಲ್ಲಿ. ಜಾವಾದಲ್ಲಿ ಸ್ಮಾಲ್ ವೈ ಅಂದರೆ ಮಾಮೂಲಿ ವರ್ಷ, ಕ್ಯಾಪಿಟಲ್ ವೈ ಅಂದರೆ ವಾರದ ಲೆಕ್ಕದ ವರ್ಷ. 2025ರ ಮೊದಲ ವಾರ 2024ರ ಡಿಸೆಂಬರ್ 30ರ ಸೋಮವಾರವೇ ಶುರುವಾಗಿತ್ತು. ಸ್ಮಾಲ್ ವೈಗೆ ಬದಲಿಸಿ. ಅಲ್ಲೇ ಇದ್ದಾಗ ಎಂ ಕೂಡ ನೋಡಿಬಿಡಿ. ಕ್ಯಾಪಿಟಲ್ ಎಂ ತಿಂಗಳು, ಸ್ಮಾಲ್ ಎಂ ನಿಮಿಷ. ಎಚ್ ಸ್ಮಾಲ್ ಇದ್ದರೆ 12 ಗಂಟೆಯ ಗಡಿಯಾರ, ಮಧ್ಯಾಹ್ನದ ಒಂದೂ ರಾತ್ರಿಯ ಒಂದೂ ಒಂದೇ ಆಗುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ಡೇಟಾಬೇಸ್‌ನಿಂದ ಬಂದ ಸಮಯವನ್ನು ಈಗಿನ ಸಮಯದಿಂದ ಕಳೆದರೆ, ನೈವ್ (ಝೋನ್ ಇಲ್ಲದ) ಮತ್ತು ಅವೇರ್ (ಝೋನ್ ಇರುವ) ಡೇಟ್‌ಟೈಮ್ ಕಳೆಯಲಾಗದು ಎಂಬ ಎರರ್ ಬರುತ್ತದೆ. ಝೋನ್ ಕಿತ್ತುಹಾಕಿದರೆ ಎರರ್ ಹೋಗುತ್ತದೆ. ಹಾಗೆ ಮಾಡಬಹುದೇ?

ಉತ್ತರ: ಹೊಗೆ ಬಂದರೆ ಕೂಗುವ ಅಲಾರಂನ ಬ್ಯಾಟರಿ ಕಿತ್ತ ಹಾಗೆ ಅದು. ಡೇಟಾಬೇಸ್‌ನಿಂದ ಬಂದದ್ದು ತನ್ನ ಝೋನ್ ಹೊತ್ತುಕೊಂಡು ಬಂದಿದೆ, ಸರಿಯಾಗಿದೆ. ನೀವು ಮಾಡಿಕೊಂಡ "ಈಗ" ಝೋನ್ ಇಲ್ಲದ್ದು. ನೌ ಕರೆಯುವಾಗ ಯುಟಿಸಿ ಝೋನನ್ನು ಕೊಟ್ಟು ಕರೆಯಿರಿ. ಯುಟಿಸಿನೌ ಎಂಬ ಫಂಕ್ಷನ್ ಬೇಡ. ಅದು ಯುಟಿಸಿ ಸಮಯ ಕೊಡುತ್ತದೆ, ಆದರೆ ಇದು ಯುಟಿಸಿ ಎಂಬ ಚೀಟಿ ಅಂಟಿಸುವುದಿಲ್ಲ. ಆಮೇಲೆ ಅದರಿಂದ ಟೈಮ್‌ಸ್ಟ್ಯಾಂಪ್ (1970ರಿಂದ ಎಣಿಸಿದ ಸೆಕೆಂಡು) ಪಡೆದರೆ ಪೈಥಾನ್ ಅದನ್ನು ಸ್ಥಳೀಯ ಸಮಯ ಎಂದು ತಿಳಿದು ಐದೂವರೆ ಗಂಟೆ ತಪ್ಪಿಸುತ್ತದೆ, ಯಾವ ಎರರ್ ಕೂಡ ಕೊಡದೆ. ಪೈಥಾನ್ 3.12ರಿಂದ ಆ ಫಂಕ್ಷನ್ ಬಳಸಬೇಡಿ ಎಂದು ಭಾಷೆಯೇ ಎಚ್ಚರಿಸುತ್ತದೆ.

ಪ್ರಶ್ನೆ: ತಾರೀಖು ಗೊತ್ತಿಲ್ಲದಿದ್ದಾಗ ನಾವು 1900-01-01 ಹಾಕುತ್ತೇವೆ. ಕಾಲೇಜಿನ ಪ್ರಾಜೆಕ್ಟಿಗೆ ಪರವಾಗಿಲ್ಲ ತಾನೇ?

ಉತ್ತರ: ಪರವಾಗಿಲ್ಲ, ಸರಾಸರಿ ವಯಸ್ಸು ಲೆಕ್ಕ ಹಾಕುವವರೆಗೆ. ಗೊತ್ತಿಲ್ಲದ್ದಕ್ಕೆ ನಲ್ ಎಂಬ ಖಾಲಿ ಗುರುತು ಇದೆ, ಅದನ್ನೇ ಬಳಸಿ. ಕೋಡ್‌ನಲ್ಲಿ ಓದುವಾಗ ನಲ್ ಬರಬಹುದು ಎಂದು ಒಪ್ಪಿಕೊಳ್ಳುವ ಟೈಪ್ ಇಟ್ಟುಕೊಳ್ಳಿ.

ಪ್ರಶ್ನೆ: ಜನವರಿ 31ಕ್ಕೆ ಶುರುವಾದ ಚಂದಾ. ಪ್ರತಿ ತಿಂಗಳ ಕಂತಿನ ತಾರೀಖನ್ನು ಡೇಟಾಬೇಸ್‌ನಿಂದ ತೆಗೆದು, ಒಂದು ತಿಂಗಳು ಕೂಡಿಸಿ, ಮತ್ತೆ ಬರೆಯುತ್ತೇನೆ. ಎರಡನೇ ತಿಂಗಳಿಂದ ಲೆಕ್ಕ ಜಾರುತ್ತಿದೆ.

ಉತ್ತರ: ಒಂದು ತಿಂಗಳು ಎಂದರೆ ಎಷ್ಟು ಎಂದು ಯಾರೂ ಒಪ್ಪಿಲ್ಲ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಜಾವಾ ಫೆಬ್ರವರಿಯ ಕೊನೆಯ ದಿನ ಕೊಡುತ್ತವೆ. ಜಾವಾಸ್ಕ್ರಿಪ್ಟ್ ಮತ್ತು ಪಿಎಚ್‌ಪಿ "ಫೆಬ್ರವರಿ 31" ಎಂದು ಮಾಡಿಕೊಂಡು, ಹೆಚ್ಚಾದ ದಿನವನ್ನು ಮಾರ್ಚ್‌ಗೆ ಚೆಲ್ಲುತ್ತವೆ. ಮಾರ್ಚ್ 3, ಅಧಿಕ ವರ್ಷವಾದರೆ 2. ಚಂದಾದಾರರಿಗೆ ಫೆಬ್ರವರಿ ಕಂತೇ ಇಲ್ಲ!

ಮೊದಲ ಗುಂಪಿನ ಭಾಷೆ ಬಳಸಿದರೂ ನಿಮ್ಮ ರೀತಿಯಲ್ಲಿ ಲೆಕ್ಕ ಜಾರುವುದು ನಿಲ್ಲುವುದಿಲ್ಲ. 31 ಹೋಗಿ 28 ಆಗುತ್ತದೆ, ಅದನ್ನು ಬರೆದಿಡುತ್ತೀರಿ. ಮುಂದಿನ ಸಲ 28ಕ್ಕೆ ಒಂದು ತಿಂಗಳು ಕೂಡಿಸಿ ಮಾರ್ಚ್ 28. ಅದು ಇನ್ನು ಯಾವತ್ತೂ 31ಕ್ಕೆ ಏರುವುದಿಲ್ಲ. ಶುರುವಾದ ತಾರೀಖನ್ನು ಡೇಟ್ ಕಾಲಂನಲ್ಲಿ ಇಡಿ, ಅದನ್ನು ಯಾವತ್ತೂ ತಿದ್ದಬೇಡಿ. ಎಷ್ಟನೇ ಕಂತು ಎಂಬ ಸಂಖ್ಯೆಯನ್ನು ಪಕ್ಕದಲ್ಲಿ ಇಡಿ. ಐದನೇ ಕಂತು ಬೇಕಾದರೆ ಮೂಲ ಜನವರಿ 31ಕ್ಕೇ ನಾಲ್ಕು ತಿಂಗಳು ಕೂಡಿಸಿ, ಮೇ 31 ಬರುತ್ತದೆ.